ಎರಡನೆಯ ಬಾಗಿಲು

ಮದುವೆಗೆ ಕಲ್ಯಾಣಮಂಟಪ ನೋಡಲು ಹೋದಾಗ ನಾವು ವಿಚಾರಿಸುವುದೇನು? ಬಾಡಿಗೆ ಎಷ್ಟು, ಒಂದು ಪಂಕ್ತಿಗೆ ಎಷ್ಟು ಎಲೆ, ನೀರಿನ ಅನುಕೂಲ ಹೇಗೆ ಎಂದಷ್ಟೆ. ಬೆಂಕಿ ಬಿದ್ದರೆ ಹೊರಬರಲು ಎರಡನೆಯ ದಾರಿ ಎಲ್ಲಿದೆ ಎಂದು ಕೇಳುವವರು ವಿರಳ. ಶುಭಕಾರ್ಯದಲ್ಲಿ ಅಂಥ ಮಾತು ಬೇಡವೆಂಬ ಸಂಕೋಚ ನಮಗೆ.

ಮೈಸೂರು ಸೀಮೆಯ ಜನ 1989ರ ಫೆಬ್ರವರಿ 8ನ್ನು ಮರೆತಿರಲಾರರು. ಪ್ರೀಮಿಯರ್ ಸ್ಟುಡಿಯೋದಲ್ಲಿ ಟಿಪ್ಪು ಸುಲ್ತಾನನ ಕುರಿತ ದೂರದರ್ಶನ ಧಾರಾವಾಹಿಯ ಚಿತ್ರೀಕರಣದ ವೇಳೆ ಬೆಂಕಿ ಹೊತ್ತಿ 62 ಮಂದಿ ಅಸುನೀಗಿದರು. ಸಡಿಲವಾದ ವಿದ್ಯುತ್ ತಂತಿ, ಗೋಡೆಗೆ ಹೊದಿಸಿದ ಗೋಣಿತಾಟು, ಗಾಳಿಯಾಡದ ಕಟ್ಟಡ ಇವು ಆ ಅನಾಹುತಕ್ಕೆ ಕಾರಣವಾದವು. 2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್ಟನ್ ಟವರ್ಸ್ ಕಟ್ಟಡದಲ್ಲಿ 9 ಜನ ಮೃತರಾದರು. ಹೊಗೆ ತಾಳಲಾರದೆ ಕೆಲವರು ಕಿಟಕಿಯಿಂದಲೇ ಧುಮುಕಿದರು. ತುರ್ತು ನಿರ್ಗಮನದ ಬಾಗಿಲುಗಳಿಗೆ ಬೀಗ ಬಿದ್ದಿತ್ತೆಂದು ಅಂದು ವರದಿಯಾಯಿತು.

ಇಂಥ ಅವಘಡಗಳಲ್ಲಿ ಜ್ವಾಲೆಗಿಂತ ಮೊದಲು ಪ್ರಾಣ ತೆಗೆಯುವುದು ಬಹುಮಟ್ಟಿಗೆ ಹೊಗೆ. ಅದು ಮೇಲಕ್ಕೇರುವುದು ಮೆಟ್ಟಿಲ ದಾರಿಯಿಂದಲೇ. ನಮ್ಮ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳಲ್ಲಿ ಕೆಳಗೆ ಪಾಕಶಾಲೆ, ಮೇಲೆ ಮುಹೂರ್ತದ ಸಭಾಂಗಣ ಇರುವ ಕಟ್ಟಡವಿದ್ದರೆ, ಕೆಳಗಿನ ಹೊಗೆ ಮೇಲಿನವರ ಒಂದೇ ಮೆಟ್ಟಿಲನ್ನು ಮುಚ್ಚಿಬಿಡುತ್ತದೆ. ಆದುದರಿಂದ ಮತ್ತೊಂದು ಮೆಟ್ಟಿಲು ಪಾಕಶಾಲೆಯಿಂದ ದೂರದಲ್ಲಿ, ಕಟ್ಟಡದ ಹೊರಮೈಗೆ ಇರಬೇಕು; ಅದರ ಬಾಗಿಲು ಹೊರಮುಖವಾಗಿ ತೆರೆಯಬೇಕು. ಒಳಮುಖವಾಗಿ ತೆರೆಯುವ ಬಾಗಿಲನ್ನು ನೂಕುನುಗ್ಗಲಿನಲ್ಲಿ ಯಾರೂ ಎಳೆಯಲಾರರು.

ಮೆಟ್ಟಿಲು ಕಟ್ಟಿಸಿದರಷ್ಟೇ ಸಾಲದು. ಬಾಡಿಗೆ ಪಾತ್ರೆ, ಮಡಿಚುವ ಕುರ್ಚಿ, ಸೌದೆ, ಗ್ಯಾಸ್ ಸಿಲಿಂಡರುಗಳನ್ನು ಅಲ್ಲಿ ಪೇರಿಸಿ, ಕಳ್ಳರ ಭಯದಿಂದ ಬೀಗ ಜಡಿದು, ಬೀಗದ ಕೈಯನ್ನು ಕಾವಲುಗಾರ ಮನೆಗೊಯ್ದರೆ ಆ ಮೆಟ್ಟಿಲು ಇದ್ದೂ ಇಲ್ಲದಂತೆ. ಹೊರಗಿನವರು ಬಾರದಂತೆ, ಆದರೆ ಒಳಗಿನವರು ಕೈಯಿಂದಲೇ ತೆರೆಯುವಂತೆ ಚಿಲಕವಿಡುವುದು ಕಷ್ಟವಲ್ಲ.

ಸಮುದಾಯಭವನ, ವಿದ್ಯಾರ್ಥಿನಿಲಯಗಳ ಆಡಳಿತ ಹೊತ್ತ ಹಿರಿಯರು ಮುಂದಿನ ಸಭೆಗೆ ಮುನ್ನ ಹಿಂಬಾಗಿಲನ್ನು ತಾವೇ ತೆರೆದು, ಮೆಟ್ಟಿಲಿಳಿದು ನೋಡಲಿ. ತಾಯಂದಿರು ಸಮಾರಂಭಕ್ಕೆ ಹೋದೊಡನೆ ಮಕ್ಕಳಿಗೆ ಎರಡನೆಯ ದಾರಿಯನ್ನು ತೋರಿಸಲಿ. ಹೊಗೆ ಕವಿದರೆ ನೆಲಕ್ಕೆ ಬಾಗಿ ನಡೆಯುವುದನ್ನೂ, 101 ಅಥವಾ 112ಕ್ಕೆ ಕರೆ ಮಾಡುವುದನ್ನೂ ಕಲಿಸಲಿ. ಕರೆದ ಬಂಧುಗಳನ್ನು ಉಣಬಡಿಸುವುದರಷ್ಟೇ ಮುಖ್ಯವಾದುದು, ಅವರನ್ನು ಸುರಕ್ಷಿತವಾಗಿ ಮನೆ ಸೇರಿಸುವುದು.