ಯತೀಮರ ಪಾಲು ಮತ್ತು ಮೊಹರುಗಳ ದಾರಿ

ಗಲ್ಫ್‌ನಲ್ಲಿ ದುಡಿಯುತ್ತಿದ್ದ ಸಹೋದರನೊಬ್ಬ ಮರಣ ಹೊಂದಿದಾಗ ಊರಿನಲ್ಲಿ ಮಾಡಬೇಕಾದುದು ನಮಗೆಲ್ಲ ತಿಳಿದಿದೆ. ಮಯ್ಯಿತ್ ನಮಾಝ್, ದುಆ, ಮನೆಗೆ ಅಕ್ಕಿ-ಬೇಳೆ, ಜಮಾಅತಿನಿಂದ ಒಂದಿಷ್ಟು ಹಣ. ಆದರೆ ಆತ ಅಲ್ಲಿ ಬಿಟ್ಟುಹೋದ ಬ್ಯಾಂಕಿನ ಉಳಿತಾಯ ಮತ್ತು ಗ್ರಾಚ್ಯುಟಿ ಯಾರ ಹಕ್ಕು? ಅದು ಪತ್ನಿಯ, ಮಕ್ಕಳ, ಹೆತ್ತವರ ಮೀರಾಸ್. ಅದನ್ನು ಊರಿಗೆ ತರಿಸುವ ವಿಷಯ ಬಂದಾಗ ಮಾತ್ರ ನಾವು ಮೌನಿಗಳಾಗುತ್ತೇವೆ.

ನಮ್ಮ ಮದ್ರಸದ ವಿದ್ಯಾರ್ಥಿಯೊಬ್ಬನ ತಾಯಿ, ದುಬೈಯಲ್ಲಿ ತೀರಿಕೊಂಡ ಪತಿಯ ಹಣಕ್ಕಾಗಿ ಮಸೀದಿಯ ಪತ್ರವನ್ನೂ ತಹಶೀಲ್ದಾರರ ವಂಶವೃಕ್ಷವನ್ನೂ ಹಿಡಿದು ಎರಡು ವರ್ಷ ಅಲೆದರು. ಅಲ್ಲಿಯವರು ಕೇಳಿದ್ದು ನ್ಯಾಯಾಲಯದ ಉತ್ತರಾಧಿಕಾರ ಪ್ರಮಾಣಪತ್ರವನ್ನು. "ಮೀರಾಸಿನ ವಿಷಯಕ್ಕೆ ಕೋರ್ಟು ಏಕೆ?" ಎಂದು ಅವರನ್ನು ತಡೆದವರು ನಮ್ಮವರೇ. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯಡಿ ದೊರೆಯುವ ಈ ಪತ್ರವು ಮೃತರಿಗೆ ಬರಬೇಕಾದ ಹಣವನ್ನು ಪಡೆಯುವ ಅಧಿಕಾರವನ್ನಷ್ಟೇ ಕೊಡುತ್ತದೆ. ಶರೀಅತ್ ನಿಗದಿಪಡಿಸಿದ ಪಾಲನ್ನು ಅದು ಮುಟ್ಟುವುದಿಲ್ಲ.

ಪತ್ರ ಕೈಸೇರಿದ ಬಳಿಕವೂ ದಾರಿ ಉಳಿದಿರುತ್ತದೆ. ಝೆರಾಕ್ಸ್ ನಡೆಯದು, ನ್ಯಾಯಾಲಯದ ಮೊಹರುಳ್ಳ ದೃಢೀಕೃತ ನಕಲೇ ಬೇಕು. ಆದೇಶ ಕನ್ನಡದಲ್ಲಿದ್ದರೆ ಅನುವಾದ ಬೇಕು. ಅನಂತರ ರಾಜ್ಯ ಸರಕಾರದ ನಿಯೋಜಿತ ಅಧಿಕಾರಿಯ ದೃಢೀಕರಣ, ಬಳಿಕ ಭಾರತದ ವಿದೇಶಾಂಗ ಸಚಿವಾಲಯದ್ದು. ಸೌದಿ ಅರೇಬಿಯಾ, ಒಮಾನ್, ಬಹರೈನ್‌ಗಳಿಗಾದರೆ ಸಚಿವಾಲಯದ ಅಪೋಸ್ಟಿಲ್ ಮುದ್ರೆಯೇ ಸಾಕು. ಸೌದಿಗೆ ಈ ಸೌಲಭ್ಯ ಬಂದದ್ದು 2022ರ ಡಿಸೆಂಬರಿನಲ್ಲಿ. ಯುಎಇ ಮತ್ತು ಕುವೈತ್ ಆ ಒಪ್ಪಂದಕ್ಕೆ ಸೇರಿಲ್ಲ. ಆದ್ದರಿಂದ ದುಬೈಗೆ ಹೋಗುವ ಕಾಗದಕ್ಕೆ ಭಾರತದಲ್ಲಿರುವ ಯುಎಇ ರಾಯಭಾರ ಕಚೇರಿಯ ಮೊಹರು, ಅಲ್ಲಿಗೆ ತಲುಪಿದ ಮೇಲೆ ಆ ದೇಶದ ವಿದೇಶಾಂಗ ಸಚಿವಾಲಯದ ಮೊಹರು, ಜೊತೆಗೆ ಅಲ್ಲಿನ ಪರವಾನಗಿ ಪಡೆದ ಅನುವಾದಕರಿಂದ ಅರಬಿ ಅನುವಾದ. (ಜೋಪಾನವಾಗಿರಲೆಂದು ಆ ತಾಯಿ ಮೂಲಪತ್ರಕ್ಕೆ ಲ್ಯಾಮಿನೇಶನ್ ಮಾಡಿಸಿದ್ದರು! ಪ್ಲಾಸ್ಟಿಕ್ಕಿನ ಮೇಲೆ ಮೊಹರು ಒತ್ತುವವರಾರು? ಹೊಸ ನಕಲಿಗೆ ಮತ್ತೆ ಅರ್ಜಿ.)

ಅಪೋಸ್ಟಿಲ್‌ಗೆ ಸರಕಾರದ ಶುಲ್ಕ ಕಾಗದವೊಂದಕ್ಕೆ 50 ರೂಪಾಯಿ. ಸಚಿವಾಲಯ ನೇಮಿಸಿದ ಸಂಸ್ಥೆಗಳ ಮೂಲಕವೇ ಕಾಗದ ಸಲ್ಲಿಸಬೇಕು ನಿಜ. ಆದರೆ ನಡುವೆ ನಿಂತು ಸಾವಿರಾರು ರೂಪಾಯಿ ಕೇಳುವ ದಲ್ಲಾಳಿಗೆ ಇದ್ದತ್‌ನಲ್ಲಿರುವ ವಿಧವೆಯ ಭಯವೇ ಬಂಡವಾಳ.

ಇನ್ನು ಹೆಸರಿನ ತೊಡಕು. ಪಾಸ್‌ಪೋರ್ಟಿನಲ್ಲಿ 'ಮೊಹಮ್ಮದ್', ಪಡಿತರ ಚೀಟಿಯಲ್ಲಿ 'ಮಹಮ್ಮದ್', ನಿಕಾಹ್ ದಾಖಲೆಯಲ್ಲಿ 'ಮೋನು'. ಮೂವರೂ ಒಬ್ಬನೇ ಎಂದು ಸತ್ತವನು ಬಂದು ಹೇಳಲಾರ. ಬದುಕಿರುವಾಗಲೇ ಇದನ್ನು ಸರಿಪಡಿಸಿಕೊಳ್ಳಬೇಕು. ಸಾಲವನ್ನು ಬರೆದಿಡಿರೆಂದು ಅಷ್ಟು ವಿಸ್ತಾರವಾಗಿ ಬೋಧಿಸುವ ಅಲ್-ಬಕರ ಅಧ್ಯಾಯದ 282ನೇ ವಚನವನ್ನು ಓದುವ ನಾವು ಕಾಗದದ ಬಗ್ಗೆ ಇಷ್ಟು ಉದಾಸೀನರಾದುದು ಹೇಗೆ?

ಪ್ರತಿ ಜಮಾಅತಿನಲ್ಲೂ ಇಂತಹ ಕುಟುಂಬದ ಜೊತೆ ಕಚೇರಿಗೆ ಹೋಗಿಬರುವ ಒಬ್ಬ ವಿದ್ಯಾವಂತ ಯುವಕನನ್ನು ನೇಮಿಸಬೇಕು, ಆತನ ಬಸ್ಸಿನ ಖರ್ಚನ್ನು ಜಮಾಅತೇ ಭರಿಸಬೇಕು. ಆ ತಾಯಿಯ ಕಾಗದಗಳು ಈಗ ರಾಯಭಾರ ಕಚೇರಿಯವರೆಗೆ ತಲುಪಿವೆ. ತಂದೆ ತೀರಿದಾಗ ನಾಲ್ಕನೇ ತರಗತಿಯಲ್ಲಿದ್ದ ಹುಡುಗ ಈಗ ಏಳನೆಯದರಲ್ಲಿ ಕಲಿಯುತ್ತಿದ್ದಾನೆ.