ಕಾರಿಗೆ ಹೊಸ ಚಕ್ರಗಳು

ಮನೆಮಂದಿಯೆಲ್ಲ ಪಯಣಿಸುವ ಸೆಡಾನ್ ಕಾರಿಗೆ ಅಂಗಡಿಯ ಅಲಾಯ್ ಚಕ್ರಗಳನ್ನು ಹಾಕಿಸುವ ಆಸೆ ಅನೇಕ ಗೃಹಸ್ಥರಿಗುಂಟು. ಆಸೆ ತಪ್ಪಲ್ಲ, ಆದರೆ ಅಂದವೊಂದನ್ನೇ ನೋಡಿ ಕೊಳ್ಳತಕ್ಕದ್ದಲ್ಲವೆಂದು ನಮ್ಮ ಅಭಿಪ್ರಾಯ.

ಮೊದಲನೆಯದು ಎತ್ತರ. ಚಕ್ರವು ಹಿಗ್ಗಿದಷ್ಟೂ ಟಯರಿನ ಪಕ್ಕದ ಗೋಡೆ ಕುಗ್ಗಬೇಕು. 175/65 ಆರ್ 15 ಟಯರಿನ ಒಟ್ಟು ವ್ಯಾಸ ಸುಮಾರು 609 ಮಿಲಿಮೀಟರು. 185/55 ಆರ್ 16ರದು ಸುಮಾರು 610. ಲೆಕ್ಕವೇನೋ ಸರಿಹೋಯಿತು. ಆದರೆ ಗೋಡೆಯು 114ರಿಂದ 102ಕ್ಕೆ ಇಳಿಯುವುದರಿಂದ, ರಸ್ತೆಯ ಗುಂಡಿಯ ಪೆಟ್ಟು ಚಕ್ರದ ಅಂಚಿಗೂ ಕುಳಿತವರ ಬೆನ್ನಿಗೂ ಹೆಚ್ಚಾಗಿ ತಾಗುವುದು.

ಎರಡನೆಯದು ಆಫ್‌ಸೆಟ್; ಎಂದರೆ, ಚಕ್ರದ ಅಗಲದ ನಡುಗೆರೆಗೂ ಅದು ಹಬ್‌ಗೆ ಕೂಡುವ ಮುಖಕ್ಕೂ ಇರುವ ಅಂತರ. ಈ ಅಂಕಿ ಇಳಿದಷ್ಟೂ ಚಕ್ರವು ಹೊರಚಾಚುವುದು. 6 ಇಂಚು ಅಗಲದ, 45 ಆಫ್‌ಸೆಟ್ಟಿನ ಚಕ್ರವನ್ನು ತೆಗೆದು 7 ಇಂಚಿನ, 35ರದನ್ನು ಹಾಕಿದರೆ ಹೊರ ಅಂಚು ಸುಮಾರು 23 ಮಿಲಿಮೀಟರು ಆಚೆಗೆ ಬರುವುದು. ಆಗ ಬೇರಿಂಗಿಗೆ ಹೊರೆ ಹೆಚ್ಚುವುದು. ಜನ ತುಂಬಿ ಕಾರು ತಗ್ಗಿದಾಗ ಟಯರು ಮಡ್‌ಗಾರ್ಡಿಗೆ ಉಜ್ಜಲೂಬಹುದು.

ಬೋಲ್ಟುಗಳ ಅಂತರ ಮೊದಲಿನಂತೆಯೇ ಇರಬೇಕು. ಭಾರ ತಾಳುವ ಶಕ್ತಿ ಮೊದಲಿನದಕ್ಕಿಂತ ಕಡಮೆಯಿರಕೂಡದು. ಹಣ ಕೊಡುವ ಮುನ್ನ ಐವರನ್ನು ಕುಳ್ಳಿರಿಸಿ, ಸ್ಟಿಯರಿಂಗನ್ನು ಎರಡು ಕಡೆಗೂ ಪೂರ್ತಿ ತಿರುಗಿಸಿ ನೋಡತಕ್ಕದ್ದು. ಎಲ್ಲಿಯೂ ಉಜ್ಜದ ಚಕ್ರವೇ ಮನೆಯ ಕಾರಿಗೆ ಒಪ್ಪುವ ಚಕ್ರ.