ಬೀಗದ ಕೈ ಊರಿನವರ ಬಳಿ ಇರಲಿ

ಎಂಟನೇ ತರಗತಿಯ ‘ಶಬ್ದ’ ಪಾಠಕ್ಕೆ ಮಳವಳ್ಳಿ ಸೀಮೆಯ ನೀಲಗಾರರ ತಂಬೂರಿ, ಡಕ್ಕೆಗಳಿಗಿಂತ ಒಳ್ಳೆಯ ಬೋಧನೋಪಕರಣ ಬೇಕಿಲ್ಲ. ತಂತಿ ಬಿಗಿದರೆ ಸ್ಥಾಯಿ ಏರುತ್ತದೆ. ಚರ್ಮವನ್ನು ಜೋರಾಗಿ ಬಡಿದರೆ ಪಾರ ಹೆಚ್ಚುತ್ತದೆ. ಮಂಡ್ಯ, ಮದ್ದೂರು, ಮಳವಳ್ಳಿಯ ಅಭ್ಯಾಸ ಶಾಲೆಗಳಲ್ಲಿ ಒಂದೊಂದು ಖಾಲಿ ಕೊಠಡಿಯನ್ನು ಧ್ವನಿಮುದ್ರಣಕ್ಕೆ ಬಿಡಬೇಕು. ಗೋಡೆಗೆ ಕಂಬಳಿ ಕಟ್ಟಿದರೆ ಅನುರಣನ ತಗ್ಗುತ್ತದೆ, ಅದೂ ಪಾಠವೇ. ಮುದ್ರಣಕ್ಕೆ ಮೊಬೈಲ್ ಸಾಕು.

ಆದರೆ ಅದನ್ನು ಪ್ರಶಿಕ್ಷಣಾರ್ಥಿಗಳು ನಡೆಸಬಾರದು. ಬೋಧನಾಭ್ಯಾಸ ಮುಗಿದೊಡನೆ ನಾವು ಹೊರಡುವವರು. ಕೊಠಡಿಗೂ ಅಂದೇ ಬೀಗ ಬೀಳುತ್ತದೆ. ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ ‘ನಮ್ಮ ಧ್ವನಿ’ ಕೇಂದ್ರ ಊರಿನವರ ಕೈಯಲ್ಲೇ ನಡೆಯಿತು. 2003ರಲ್ಲಿ ಕಾರ್ಯಕ್ರಮಗಳನ್ನು ಕೇಬಲ್ ಮೂಲಕ ಮನೆಗಳಿಗೆ ಮುಟ್ಟಿಸಿತು. ನಮ್ಮಲ್ಲೂ ಹಾಗೆಯೇ ಆಗಲಿ. ಮಂಟೇಸ್ವಾಮಿ ಕಥೆಯ ಯಾವ ಭಾಗ ಮುದ್ರಿಸಬೇಕು, ಯಾರಿಗೆ ಕೇಳಿಸಬೇಕು ಎಂಬುದನ್ನು ಹಾಡುವವರೇ ತೀರ್ಮಾನಿಸಲಿ. ಮಕ್ಕಳು ಮುದ್ರಿಸಲಿ, ಪ್ರತಿ ಹಾಡುವವರ ಮನೆಯಲ್ಲಿರಲಿ.